ಬಾಡಿಗೆ ಮನೆ, ಮಳಿಗೆ ಸೋರಿದರೆ ಖರ್ಚು ಯಾರದ್ದು? ಮಳೆಗೆ ಮೊದಲೇ ತಿಳಿದಿರಬೇಕಾದ ವಿಚಾರ

ಬೆಳಕವಾಡಿ (ಮಳವಳ್ಳಿ ತಾ.): ಬಾಡಿಗೆ ಮನೆ ಸೋರಿದರೆ ಮೊದಲು ಕೇಳಿಬರೋದು ಎರಡೇ ಮಾತು. ‘ಮನೆ ನಿಮ್ಮದು, ನೀವೇ ರಿಪೇರಿ ಮಾಡಿಸಿ’ ಅಂತಾರೆ ಬಾಡಿಗೆದಾರರು. ‘ನೀವು ಬಂದಾಗ ಚೆನ್ನಾಗೇ ಇತ್ತಲ್ಲ’ ಅಂತಾರೆ ಮಾಲೀಕರು. ಈ ಮಾತು ಮುಗಿಯೋ ಹೊತ್ತಿಗೆ ಗೋಡೆ ಇನ್ನಷ್ಟು ನೆನೆದಿರುತ್ತದೆ, ಅಂಗಡಿಯ ಮೂಟೆ ಕೆಟ್ಟಿರುತ್ತದೆ. ಕೊನೆಗೆ ಜಗಳ ಬಂದು ನಿಲ್ಲೋದು ಅಡ್ವಾನ್ಸ್ ಹಣದ ಮೇಲೆ. ನೀರು ಎಲ್ಲಿಂದ ಬಂತು ಎಂದು ಗುರುತಿಸಿ, ರಿಪೇರಿ ಯಾರದ್ದು ಎಂದು ಕರಾರಿನಲ್ಲಿ ಒಂದು ಸಾಲು ಬರೆಸಿಕೊಂಡಿದ್ದರೆ ಇದರಲ್ಲಿ ಬಹುಪಾಲು ತಪ್ಪುತ್ತದೆ.

ಮಂಡ್ಯ ಜಿಲ್ಲೆಯಲ್ಲಿ ಹೆಚ್ಚು ಮಳೆ ಬೀಳೋದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ. ಅದಕ್ಕೂ ಮೊದಲು ಮೇ ತಿಂಗಳ ಗುಡುಗು ಮಳೆ ಇದೆ. ಹಾಗಾಗಿ ತಾರಸಿ, ಹೆಂಚಿನ ಕೆಲಸಕ್ಕೆ ಗೋಡೆ ಒಣಗಿರುವ ಫೆಬ್ರವರಿ, ಮಾರ್ಚ್ ಒಳ್ಳೆಯ ಕಾಲ. ಆಗಸ್ಟ್‌ನಲ್ಲಿ ಇನ್ನೊಮ್ಮೆ ನೋಡಿಕೊಂಡರೆ ಸಾಕು.

ನೀರು ಎಲ್ಲಿಂದ ಬರ್ತಿದೆ?

ತೇವದ ಕಲೆಯ ಸುತ್ತ ಪೆನ್ಸಿಲ್‌ನಲ್ಲಿ ಗೆರೆ ಎಳೆದು ಪಕ್ಕದಲ್ಲಿ ತಾರೀಕು ಬರೆಯಿರಿ.

* ಮಳೆ ಬಂದಾಗ ಮಾತ್ರ ಕಲೆ ಗೆರೆ ದಾಟಿದರೆ ದೋಷ ಮೇಲಿನದ್ದು. ತಾರಸಿಯ ಬಿರುಕು, ಪ್ಯಾರಾಪೆಟ್ ಗೋಡೆ ಸೇರುವ ಮೂಲೆ, ಕಸ ಕಟ್ಟಿಕೊಂಡ ಮಳೆನೀರಿನ ಪೈಪು, ಸರಿದ ಹೆಂಚು, ತೂತಾದ ಶೀಟು ನೋಡಿ.
* ಮಳೆ ಇಲ್ಲದಾಗಲೂ ಹರಡಿದರೆ ಪೈಪು ಅಥವಾ ಟ್ಯಾಂಕ್ ಮೇಲೆ ಅನುಮಾನ ಪಡಿ. ರಾತ್ರಿ ಎಲ್ಲ ನಲ್ಲಿ ನಿಲ್ಲಿಸಿ ಟ್ಯಾಂಕಿನ ನೀರಿನ ಮಟ್ಟ ಗುರುತು ಮಾಡಿ. ಬೆಳಗ್ಗೆ ಇಳಿದಿದ್ದರೆ ಎಲ್ಲೋ ಸೋರುತ್ತಿದೆ.
* ಗೋಡೆಯ ಬುಡದಿಂದ ಎರಡು ಮೂರು ಅಡಿವರೆಗೆ ಉಪ್ಪು ಬಿಟ್ಟು ಬಣ್ಣ ಉದುರುತ್ತಿದ್ದರೆ ತೇವ ನೆಲದಿಂದ ಏರುತ್ತಿದೆ. ಗದ್ದೆ, ನಾಲೆ ಪಕ್ಕದ ಮನೆಗಳಲ್ಲಿ ಇದು ಹೆಚ್ಚು. ಹಳೆಯ ಮಣ್ಣಿನ ಗೋಡೆಗೆ ಸಿಮೆಂಟ್ ಬಳಿದರೆ ತೇವ ಹೊರಹೋಗದೆ ಇನ್ನೂ ಮೇಲಕ್ಕೆ ಹತ್ತುತ್ತದೆ.
* ಬಚ್ಚಲು, ಅಡುಗೆಮನೆಯ ಮೂಲೆಯಲ್ಲಿ ಮಾತ್ರ ಕಪ್ಪು ಬೂಸ್ಟು ಬಂದಿದ್ದರೆ ಗಾಳಿ ಸಾಲದು ಅಂತ ಅರ್ಥ. ಮೊದಲು ಕಿಟಕಿ ತೆರೆದಿಡಿ.

ಖರ್ಚು ಯಾರು ಕೊಡಬೇಕು?

ತಾರಸಿ, ಗೋಡೆ, ಗೋಡೆಯೊಳಗಿನ ಪೈಪು ಮಾಲೀಕರದ್ದು. ಒಡೆದ ನಲ್ಲಿ, ನಿಲ್ಲಿಸೋಕೆ ಮರೆತ ಮೋಟಾರ್, ಕಟ್ಟಿಕೊಂಡ ಬಚ್ಚಲು ಬಾಡಿಗೆದಾರರದ್ದು ಎಂಬುದು ಸಾಮಾನ್ಯ ರೂಢಿ. ಆದರೆ ಕಾನೂನಿನಲ್ಲಿ ಒಂದು ಸೂಕ್ಷ್ಮ ಇದೆ.

1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಪ್ರಕಾರ, ಮಾಲೀಕರು ಮಾಡಿಸಲೇಬೇಕಾದ ರಿಪೇರಿಯನ್ನು ನೋಟಿಸ್ ಕೊಟ್ಟ ಮೇಲೂ ಸಕಾಲಕ್ಕೆ ಮಾಡಿಸದಿದ್ದರೆ, ಬಾಡಿಗೆದಾರರೇ ಮಾಡಿಸಿ ಆ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ‘ಮಾಡಿಸಲೇಬೇಕಾದ ರಿಪೇರಿ’ ಯಾವುದು ಅನ್ನೋದನ್ನು ಹೆಚ್ಚಾಗಿ ಹೇಳೋದು ಕರಾರು ಪತ್ರ. ಅದರಲ್ಲಿ ಬರೆದಿಲ್ಲದಿದ್ದರೆ ಬಾಡಿಗೆ ಮುರಿದುಕೊಂಡವರೇ ಸಿಕ್ಕಿಬೀಳಬಹುದು.

ಅದೇ ಕಲಂ ಬಾಡಿಗೆದಾರರಿಗೂ ಹೊಣೆ ಹೊರಿಸುತ್ತದೆ. ಸಹಜ ಸವೆತ ಬಿಟ್ಟು, ಮನೆಯನ್ನು ಪಡೆದ ಸ್ಥಿತಿಯಲ್ಲೇ ಹಿಂದಿರುಗಿಸಬೇಕು. ಪ್ರವಾಹದಿಂದ ಕಟ್ಟಡದ ಮುಖ್ಯ ಭಾಗ ಶಾಶ್ವತವಾಗಿ ಬಳಕೆಗೆ ಬಾರದಂತಾದರೆ, ತಪ್ಪು ತಮ್ಮದಲ್ಲದಿದ್ದಾಗ, ಬಾಡಿಗೆದಾರರು ಕರಾರನ್ನೇ ರದ್ದು ಅನ್ನಬಹುದು.

ಹಾಗಾಗಿ 11 ತಿಂಗಳ ಕರಾರಿನಲ್ಲೂ ಇಂಥ ಒಂದು ಸಾಲು ಇರಲಿ: ‘ತಾರಸಿ, ಗೋಡೆ, ಒಳಪೈಪಿನ ಸೋರಿಕೆಯನ್ನು ಲಿಖಿತವಾಗಿ ತಿಳಿಸಿದ 15 ದಿನದೊಳಗೆ ಮಾಲೀಕರು ಸರಿಪಡಿಸತಕ್ಕದ್ದು, ತಪ್ಪಿದಲ್ಲಿ ಬಾಡಿಗೆದಾರರು ಮಾಡಿಸಿ, ರಸೀದಿ ಕೊಟ್ಟು ಬಾಡಿಗೆಯಲ್ಲಿ ವಜಾ ಮಾಡಿಕೊಳ್ಳತಕ್ಕದ್ದು.’ ದಿನಗಳ ಲೆಕ್ಕವನ್ನು ಇಬ್ಬರೂ ಕೂತು ಒಪ್ಪಿಕೊಂಡರೆ ಸಾಕು. ಮನೆಗೆ ಹೋದ ದಿನವೇ ಪ್ರತಿ ಗೋಡೆ, ಮೇಲ್ಛಾವಣಿಯ ಫೋಟೊ ತೆಗೆದು ಮಾಲೀಕರ ವಾಟ್ಸಾಪ್‌ಗೆ ಕಳಿಸಿ. ಬಿಡುವ ದಿನ ಅಡ್ವಾನ್ಸ್ ಕೇಳೋವಾಗ ಅದೇ ಸಾಕ್ಷಿ.

ನೀರು ನುಗ್ಗಿದ ದಿನ

1. ಸ್ವಿಚ್ ಬೋರ್ಡ್ ನೆನೆದಿದ್ದರೆ ಮುಟ್ಟಬೇಡಿ. ಒಣ ಜಾಗದಲ್ಲಿ ನಿಂತು ಮೇನ್ ಆಫ್ ಮಾಡಲು ಆದರೆ ಮಾತ್ರ ಮಾಡಿ. ಇಲ್ಲದಿದ್ದರೆ ನೀರಿಗೆ ಕಾಲಿಡದೆ ಸೆಸ್ಕ್ ಸಹಾಯವಾಣಿ 1912ಕ್ಕೆ ಕರೆ ಮಾಡಿ.
2. ಸಾಮಾನು ಎತ್ತುವ ಮೊದಲು ಫೋಟೊ, ವಿಡಿಯೊ ತೆಗೆಯಿರಿ. ನೀರು ನಿಂತ ಎತ್ತರ ಕಾಣುವಂತಿರಲಿ.
3. ಮಾಲೀಕರಿಗೆ ಫೋನ್ ಜೊತೆಗೆ ಮೆಸೇಜನ್ನೂ ಕಳಿಸಿ. ಬಾಯಿಮಾತಿಗೆ ದಾಖಲೆ ಇರೋದಿಲ್ಲ.
4. ಚರಂಡಿ ನೀರು ಸೋಕಿದ ಅಕ್ಕಿ, ಬೇಳೆ, ಹಿಟ್ಟು ಒಣಗಿಸಿ ಬಳಸಬೇಡಿ. ಸಂಪಿಗೆ ಆ ನೀರು ಸೇರಿದ್ದರೆ ಖಾಲಿ ಮಾಡಿ ತೊಳೆಸಿ.
5. ಬಾಗಿಲು, ಕಿಟಕಿ ತೆರೆದಿಡಿ. ಗೋಡೆ ಒಳಗಿಂದ ಒಣಗೋಕೆ ವಾರಗಳೇ ಬೇಕು; ಅಲ್ಲಿವರೆಗೆ ಬಣ್ಣ ಹೊಡೆಸಿದರೆ ದುಡ್ಡು ದಂಡ.

ಬೀದಿ ಚರಂಡಿ ಉಕ್ಕಿ ನೀರು ಬಂದಿದ್ದರೆ ಮಾಲೀಕರ ಜೊತೆ ಜಗಳವಾಡಿ ಫಲವಿಲ್ಲ. ಗ್ರಾಮ ಪಂಚಾಯಿತಿ ಪಿಡಿಒಗೆ, ಮಳವಳ್ಳಿ ಪಟ್ಟಣದಲ್ಲಾದರೆ ಪುರಸಭೆಗೆ, ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮಳೆಯಿಂದ ಮನೆಗೆ ಹಾನಿಯಾಗಿದ್ದರೆ ಕೂಡಲೇ ಗ್ರಾಮ ಆಡಳಿತ ಅಧಿಕಾರಿಗೆ ತಿಳಿಸಿ, ಸ್ಥಳ ಪರಿಶೀಲನೆ ಮಾಡಿಸಿ.

ಅಂಗಡಿಯವರಿಗೆ

ಸಕ್ಕರೆ, ಬೆಲ್ಲ, ಯೂರಿಯಾ, ಸಿಮೆಂಟ್ ನೀರು ಸೋಕದೆಯೂ ತೇವ ಎಳೆದು ಕೆಡುತ್ತವೆ. ಮೂಟೆಗಳನ್ನು ನೆಲದಿಂದ ಅರ್ಧ ಅಡಿ ಎತ್ತರದ ಮರದ ಹಲಗೆ ಮೇಲೆ, ಗೋಡೆಯಿಂದ ಒಂದು ಗೇಣು ದೂರದಲ್ಲಿ ಜೋಡಿಸಿ. ಸಾಲದ ಪುಸ್ತಕ, ಬಿಲ್ಲು, ಕರಾರು ಪತ್ರ ಕೆಳಗಿನ ಡ್ರಾಯರ್‌ನಲ್ಲಿ ಬೇಡ.

ಮಾಲೀಕರ ಕಟ್ಟಡಕ್ಕೆ ವಿಮೆ ಇದ್ದರೂ ಬಾಡಿಗೆದಾರರ ಸರಕಿಗೆ ಅದು ಬರೋದಿಲ್ಲ. 2021ರ ಏಪ್ರಿಲ್‌ನಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳಲ್ಲೂ ಒಂದೇ ಮಾದರಿಯ ಪಾಲಿಸಿಗಳಿವೆ: ಮನೆಗೆ ‘ಭಾರತ್ ಗೃಹ ರಕ್ಷಾ’, ಸಣ್ಣ ವ್ಯಾಪಾರಕ್ಕೆ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’. ಪ್ರವಾಹ, ಬಿರುಗಾಳಿ, ಟ್ಯಾಂಕ್ ಅಥವಾ ಪೈಪು ಒಡೆದು ಆಗುವ ನಷ್ಟ ಇವುಗಳಲ್ಲಿ ಸೇರಿದೆ. ಬಾಡಿಗೆದಾರರು ಕಟ್ಟಡ ಬಿಟ್ಟು ತಮ್ಮ ಸಾಮಾನಿಗೆ ಮಾತ್ರ ಮಾಡಿಸಬಹುದು. ತಿಂಗಳುಗಟ್ಟಲೆ ಜಿನುಗಿ ಹಾಳಾದದ್ದಕ್ಕೆ ಸಾಮಾನ್ಯವಾಗಿ ಹಣ ಸಿಗದು.

ಮಾತುಕತೆಯಲ್ಲಿ ಬಗೆಹರಿಯದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿ ಅಥವಾ ಸಹಾಯವಾಣಿ 15100 ಸಂಪರ್ಕಿಸಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ವಕೀಲರ ನೆರವು ಉಚಿತ. ಅಲ್ಲಿಗೆ ಹೋಗುವಾಗ ಕರಾರು, ಫೋಟೊ, ಕಳಿಸಿದ ಮೆಸೇಜು ಮೂರೂ ಕೈಯಲ್ಲಿರಲಿ.