ಮಣ್ಣಿನಿಂದ ಮ್ಯಾಟಿಗೆ

ದಾವಣಗೆರೆ ಸೀಮೆಯಲ್ಲಿ ಕುಸ್ತಿಯು ಗರಡಿಮನೆಯಲ್ಲಿ, ಅಂದರೆ ಅಂಗಸಾಧನೆಯ ಶಾಲೆಯಲ್ಲಿ, ಬೆಳೆದು ಬಂದಿದ್ದು, ಅಲ್ಲಿನ ಕೆಮ್ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸಿ ಹದಗೊಳಿಸುವುದೂ ಸಾಧನೆಯ ಭಾಗವೆನಿಸಿತ್ತು. ಎದುರಾಳಿಯ ಬೆನ್ನನ್ನು ನೆಲಕ್ಕೆ ತಾಗಿಸಿ ಚಿತ್ ಮಾಡಿದವನೇ ಗೆಲ್ಲುವ ಈ ನಾಡಕುಸ್ತಿಯ ಪಕ್ಕದಲ್ಲಿ ಅಂತರರಾಷ್ಟ್ರೀಯ ನಿಯಮದ ಮ್ಯಾಟ್, ಎಂದರೆ 9 ಮೀಟರ್ ವ್ಯಾಸದ ವೃತ್ತವುಳ್ಳ ಮೆತ್ತನೆಯ ಹಾಸು, ಬಂದಾಗ ತಲಾ 3 ನಿಮಿಷಗಳ 2 ಸುತ್ತುಗಳೂ ಅಂಕಗಳ ಲೆಕ್ಕವೂ ಜೊತೆಗೇ ಬಂದವು. ಮಣ್ಣಿನ ಹಿಡಿತಕ್ಕೆ ಮೈ ಒಗ್ಗಿದ ಹಿರಿಯ ಪೈಲ್ವಾನರಿಗೆ ಇದು ರುಚಿಸದಿದ್ದರೂ, ಒಲಿಂಪಿಕ್ಸ್‌ನ ದಾರಿ ಮ್ಯಾಟಿನ ಮೇಲೆಯೇ ಹಾದುಹೋಗುವುದರಿಂದ ಕಿರಿಯರು ಅತ್ತ ವಾಲಿದ್ದು ಸಹಜವೇ ಆಗಿತ್ತು. ಮೈಸೂರು ದಸರಾ ಕುಸ್ತಿಯಲ್ಲಿ ಎರಡಕ್ಕೂ ಎಡೆಯಿರುವುದು ಸರಿಯಾದ ಏರ್ಪಾಡು. ಮ್ಯಾಟಿನ ನೆಪದಲ್ಲಿ ಊರಿನ ಮಣ್ಣಿನ ಅಖಾಡವನ್ನು ಪಾಳುಗೆಡವುವುದು ತಪ್ಪು.