ಕರಡಿಯ ಕಾಡಿಗೆ ಯಾವ ಪಿಸ್ತೂಲು? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

‘ಅಮೆರಿಕದಲ್ಲಿರುವ ಮಕ್ಕಳಿಗೆ ತಪ್ಪದೇ ಕಳುಹಿಸಿ’ ಎಂಬ ತಲೆಬರಹದ ಮೆಸೇಜುಗಳನ್ನು ನೀವೂ ನೋಡಿರುತ್ತೀರಿ. ಊರಲ್ಲಿ ಕಳ್ಳರಿಂದ, ಕಾಡಲ್ಲಿ ಕರಡಿಯಿಂದ ಉಳಿಯಬೇಕಾದರೆ ಸೊಂಟದಲ್ಲೊಂದು ಪಿಸ್ತೂಲಿರಬೇಕು, ಅದೂ ದೊಡ್ಡದೇ ಇರಬೇಕು ಎನ್ನುವುದು ಅವುಗಳ ಸಾರ. ಬೇಸಿಗೆ ರಜೆ ಬಂದರೆ ಯೆಲ್ಲೋಸ್ಟೋನ್, ಗ್ಲೇಷಿಯರ್, ಅಲಾಸ್ಕಾ ಕಡೆ ಹೊರಡುವ ಕನ್ನಡಿಗ ಕುಟುಂಬಗಳು ಕಡಿಮೆಯೇನಿಲ್ಲ. ಹಾಗಾಗಿ ಇದರಲ್ಲಿ ಎಷ್ಟು ನಿಜ ಎಂದು ನಾವು ಹುಡುಕಿ ನೋಡಿದೆವು.

ಮೆಸೇಜು ಹೇಳದ ಮಾತು ಮೊದಲು

ಎಚ್-1ಬಿ, ಎಚ್-4, ಎಫ್-1 ಮುಂತಾದ ತಾತ್ಕಾಲಿಕ ವೀಸಾ ಮೇಲೆ ಅಮೆರಿಕದಲ್ಲಿರುವವರು ಬಂದೂಕು ಇಟ್ಟುಕೊಳ್ಳುವುದನ್ನು ಅಲ್ಲಿನ ಫೆಡರಲ್ ಕಾನೂನೇ ನಿಷೇಧಿಸುತ್ತದೆ. ಬಂದೂಕಷ್ಟೇ ಅಲ್ಲ, ಗುಂಡುಗಳನ್ನೂ ಇಟ್ಟುಕೊಳ್ಳುವಂತಿಲ್ಲ. ಆ ರಾಜ್ಯದ ಬೇಟೆ ಪರವಾನಗಿ ಇದ್ದವರಿಗೆ ವಿನಾಯಿತಿ ಇದೆ. ಇನ್ನೂ ಕೆಲವು ಸಣ್ಣ ವಿನಾಯಿತಿಗಳಿವೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ನಿಷೇಧ ಅನ್ವಯಿಸುವುದಿಲ್ಲ. ‘ಸ್ನೇಹಿತನ ಗನ್ ತಾನೇ, ಟ್ರೆಕ್ಕಿಂಗ್ ಮುಗಿಯುವ ತನಕ ಇಟ್ಟುಕೊಂಡಿರುತ್ತೇನೆ’ ಎಂದರೂ ಅದು ಗಂಭೀರ ಅಪರಾಧವೇ. ಜೈಲಿನ ಜೊತೆಗೆ ಗಡೀಪಾರಿನ ಅಪಾಯವೂ ಇದೆ. ಹತ್ತು ವರ್ಷ ಕಟ್ಟಿಕೊಂಡ ಬದುಕು ಒಂದು ಫಾರ್ವರ್ಡಿನಿಂದ ಬೀದಿಗೆ ಬರಬಹುದು. ಇಷ್ಟು ಮುಖ್ಯವಾದ ವಿಷಯ ಆ ಮೆಸೇಜುಗಳಲ್ಲಿ ಇರುವುದಿಲ್ಲ ಎನ್ನುವುದೇ ನಮಗೆ ಆಶ್ಚರ್ಯ.

ಕಾನೂನು ಪ್ರಕಾರ ಬಂದೂಕು ಇಟ್ಟುಕೊಳ್ಳಬಹುದಾದವರಿಗೂ ರಾಜ್ಯಕ್ಕೊಂದು ನಿಯಮ. ಅಲಾಸ್ಕಾದಲ್ಲಿ 21 ವರ್ಷ ತುಂಬಿದವರು ಪರ್ಮಿಟ್ ಇಲ್ಲದೆಯೂ ಬಟ್ಟೆಯೊಳಗೆ ಮುಚ್ಚಿಟ್ಟುಕೊಂಡು ಓಡಾಡಬಹುದು. ಕ್ಯಾಲಿಫೋರ್ನಿಯಾದಲ್ಲಿ ಪರ್ಮಿಟ್ ಬೇಕೇ ಬೇಕು. 2010ರಿಂದ ರಾಷ್ಟ್ರೀಯ ಉದ್ಯಾನಗಳೊಳಗೆ ಆಯಾ ರಾಜ್ಯದ ಕಾನೂನಿನಂತೆ ಬಂದೂಕು ಒಯ್ಯಬಹುದು. ಆದರೆ ಸಾಮಾನ್ಯವಾಗಿ ಅಲ್ಲಿ ಗುಂಡು ಹಾರಿಸುವಂತಿಲ್ಲ, ವಿಸಿಟರ್ ಸೆಂಟರ್ ಒಳಗೆ ಒಯ್ಯುವಂತಿಲ್ಲ.

ಊರಿಗೂ ಕಾಡಿಗೂ ಒಂದೇ ಪಿಸ್ತೂಲು ಸಾಲುತ್ತದೆಯೇ?

ಊರಲ್ಲಿ ಸ್ವರಕ್ಷಣೆಗೆ ಹೆಚ್ಚಿನವರು 9 ಎಂಎಂ ಪಿಸ್ತೂಲನ್ನೇ ಆರಿಸುತ್ತಾರೆ. ಚಿಕ್ಕದು, ಕೈಗೆ ಹೆಚ್ಚು ಒದೆಯುವುದಿಲ್ಲ, ಗುಂಡು ಅಗ್ಗ, ಅಭ್ಯಾಸ ಸುಲಭ. ಅದಕ್ಕೆ ಹಾಕುವ ಗುಂಡಿನ ಮೂತಿ ಟೊಳ್ಳಾಗಿರುತ್ತದೆ. ದೇಹ ಹೊಕ್ಕ ಕೂಡಲೇ ಅದು ಅರಳಿಕೊಂಡು ವೇಗ ಕಳೆದುಕೊಳ್ಳುತ್ತದೆ, ಹಿಂದೆ ನಿಂತ ಅಮಾಯಕರಿಗೆ ತಗಲುವ ಸಾಧ್ಯತೆ ಕಡಿಮೆಯಾಗುತ್ತದೆ.

ಕರಡಿಯ ವಿಷಯದಲ್ಲಿ ಬೇಕಾಗುವುದು ಇದರ ಉಲ್ಟಾ. ದಪ್ಪ ಚರ್ಮ, ಕೊಬ್ಬು, ಸ್ನಾಯು, ಮೂಳೆ ದಾಟಿ ಒಳಗೆ ಹೋಗಬೇಕು. ಅದಕ್ಕೇ ಅರಳದ ಗಟ್ಟಿ ಗುಂಡು, ದೊಡ್ಡ ಕ್ಯಾಲಿಬರ್: 10 ಎಂಎಂ ಪಿಸ್ತೂಲು ಅಥವಾ .44 ಮ್ಯಾಗ್ನಮ್ ರಿವಾಲ್ವರ್. ಗ್ರೀನ್‌ಲ್ಯಾಂಡಿನಲ್ಲಿ ನಾಯಿ ಬಂಡಿಗಳಲ್ಲಿ ಗಸ್ತು ತಿರುಗುವ ಡೆನ್ಮಾರ್ಕಿನ ಸಿರಿಯಸ್ ಪಡೆ ಹಿಮಕರಡಿಗಳಿಗಾಗಿ ಇಟ್ಟುಕೊಳ್ಳುವುದು 10 ಎಂಎಂ ಗ್ಲಾಕ್ 20. ಒಂದು 9 ಎಂಎಂ ಗುಂಡಿನ ಶಕ್ತಿ ಸುಮಾರು 500 ಜೂಲ್ ಆದರೆ .44 ಮ್ಯಾಗ್ನಮ್‌ನದ್ದು ಅದರ ಎರಡು ಪಟ್ಟಿಗೂ ಹೆಚ್ಚು. ಕೈಗೆ ಒದೆಯುವುದೂ ಅದಕ್ಕೆ ತಕ್ಕಂತೆ. ಅಭ್ಯಾಸವಿಲ್ಲದವರು ಮೊದಲ ಗುಂಡು ತಪ್ಪಿದ ಮೇಲೆ ಎರಡನೆಯದಕ್ಕೆ ಗುರಿ ಹಿಡಿಯುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಹಾಗಾಗಿ ‘ದೊಡ್ಡದೇ ಒಳ್ಳೆಯದು’ ಎನ್ನುವುದು ಅರ್ಧ ಸತ್ಯ. ನಿಮ್ಮ ಕೈ ತಡೆಯುವುದರಲ್ಲಿ ದೊಡ್ಡದು ಎನ್ನಬೇಕು.

ಎಷ್ಟು ಹೊತ್ತು ಸಿಗುತ್ತದೆ? ಗ್ರಿಜ್ಲಿ ಕರಡಿ ಗಂಟೆಗೆ ಸುಮಾರು 56 ಕಿ.ಮೀ. ವೇಗದಲ್ಲಿ ಓಡಬಲ್ಲದು, ಅಂದರೆ ಸೆಕೆಂಡಿಗೆ 15 ಮೀಟರ್. 30 ಮೀಟರ್ ದೂರದ ಪೊದೆಯಿಂದ ನುಗ್ಗಿದರೆ ನಿಮಗಿರುವುದು ಎರಡೇ ಸೆಕೆಂಡು. ಅಷ್ಟರಲ್ಲಿ ಪಿಸ್ತೂಲು ಎಳೆದು, ಮೇಲೆ ಕೆಳಗೆ ಕುಲುಕುತ್ತಾ ಬರುವ ತಲೆಗೆ ಗುರಿ ಇಡಬೇಕು. ಬ್ಯಾಗಿನೊಳಗಿಟ್ಟ ಪಿಸ್ತೂಲು ಮನೆಯಲ್ಲಿಟ್ಟ ಹಾಗೆಯೇ.

ಸ್ಪ್ರೇ ಗೆಲ್ಲುತ್ತದೆ ಎನ್ನುವುದು ನಿಜವೇ?

ಬಹುಮಟ್ಟಿಗೆ ನಿಜ, ಆದರೆ ಅಂಕಿಗಳನ್ನು ಕ್ರಿಕೆಟ್ ಸ್ಕೋರಿನಂತೆ ಪಕ್ಕಪಕ್ಕ ಇಡಬೇಡಿ. ಅಲಾಸ್ಕಾದಲ್ಲಿ 1985ರಿಂದ 2006ರ ತನಕ ಬೇರ್ ಸ್ಪ್ರೇ ಬಳಸಿದ 83 ಘಟನೆಗಳನ್ನು ಟಾಮ್ ಸ್ಮಿತ್, ಸ್ಟೀಫನ್ ಹೆರೆರೊ ಮತ್ತಿತರರು ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದರು. ಕಂದು ಕರಡಿಗಳ ಮೇಲೆ ಅದು 92% ಫಲ ನೀಡಿತ್ತು. ಕರಡಿಯ ಹತ್ತಿರಕ್ಕೆ ಸಿಕ್ಕಿಯೂ ಸ್ಪ್ರೇ ಇದ್ದವರಲ್ಲಿ 98% ಜನರಿಗೆ ಗಾಯವೇ ಆಗಿರಲಿಲ್ಲ. ಇದೇ ಸಂಶೋಧಕರು 2012ರಲ್ಲಿ ಬಂದೂಕಿನ 269 ಘಟನೆಗಳನ್ನು ನೋಡಿದರು. ಪಿಸ್ತೂಲು-ರಿವಾಲ್ವರ್ 84%, ಉದ್ದ ಬಂದೂಕು 76% ಸಂದರ್ಭಗಳಲ್ಲಿ ಕರಡಿಯನ್ನು ತಡೆದಿದ್ದವು. ಆದರೆ ಬಂದೂಕು ಬಳಸಿದವರಿಗೂ, ಕೈಯಲ್ಲಿದ್ದೂ ಬಳಸದವರಿಗೂ ಆದ ಗಾಯಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ.

ಇಲ್ಲೊಂದು ಎಚ್ಚರ. ಸ್ಪ್ರೇ ಪಟ್ಟಿಯಲ್ಲಿ ಕುತೂಹಲಕ್ಕೆ, ಆಹಾರದ ಆಸೆಗೆ ಹತ್ತಿರ ಬಂದ ಕರಡಿಗಳೂ ಸೇರಿವೆ. ಎಲ್ಲವೂ ನುಗ್ಗಿ ಬಂದವಲ್ಲ. ಹೀಗಾಗಿ ‘ಸ್ಪ್ರೇ 98, ಗನ್ 84’ ಎಂಬ ಪೋಸ್ಟರ್ ಸರಿಯಾದ ಹೋಲಿಕೆಯಲ್ಲ. ಆದರೂ ನಮ್ಮ ಅಭಿಪ್ರಾಯದಲ್ಲಿ, ಗುರಿ ಅಭ್ಯಾಸವಿಲ್ಲದ ಪ್ರವಾಸಿಗೆ ಸ್ಪ್ರೇಯೇ ಮೊದಲ ಆಯ್ಕೆ: ಮೋಡದಂತೆ ಹರಡುವುದರಿಂದ ನೂಲು ಹಿಡಿದಂಥ ಗುರಿ ಬೇಕಿಲ್ಲ, ವೀಸಾ ಕೇಳುವುದಿಲ್ಲ, ಗಾಬರಿಯಲ್ಲಿ ತಪ್ಪಿದರೂ ಜೊತೆಗಿದ್ದವರ ಜೀವ ತೆಗೆಯುವುದಿಲ್ಲ.

ಮೆಣಸಿನ ಖಾರದ ಅಂಶವೇ ಅದರ ಅಸ್ತ್ರ. ಕೊಳ್ಳುವಾಗ ಡಬ್ಬಿಯ ಮೇಲೆ ‘ಬೇರ್ ಸ್ಪ್ರೇ’ ಎಂದೂ ಇಪಿಎ ನೋಂದಣಿ ಸಂಖ್ಯೆಯೂ ಇದೆಯೇ ನೋಡಿ. ಹ್ಯಾಂಡ್‌ಬ್ಯಾಗಿನ ಪೆಪ್ಪರ್ ಸ್ಪ್ರೇ ಬೇರೆ, ಇದು ಬೇರೆ. ಸೊಂಟಕ್ಕೋ ಎದೆಪಟ್ಟಿಗೋ ಸಿಕ್ಕಿಸಿಕೊಳ್ಳಿ. ಸೊಳ್ಳೆ ಔಷಧಿಯಂತೆ ಮೈಗೆ, ಟೆಂಟಿಗೆ ಹೊಡೆಯಬೇಡಿ. ಹಾಗೆ ಹೊಡೆದರೆ ಕರಡಿ ದೂರ ಹೋಗುವುದಿಲ್ಲ, ಒಣಗಿದ ವಾಸನೆಗೆ ಹತ್ತಿರ ಬರಲೂಬಹುದು. ವಿಮಾನದಲ್ಲಿ ಕೈಚೀಲದಲ್ಲೂ ಚೆಕ್-ಇನ್ ಲಗೇಜಿನಲ್ಲೂ ಬಿಡುವುದಿಲ್ಲ, ಹೋದ ಊರಲ್ಲೇ ಕೊಳ್ಳಿ. ಯೊಸೆಮಿಟಿ ಉದ್ಯಾನದಲ್ಲಿ ಇದಕ್ಕೂ ನಿಷೇಧವಿದೆ. ಅಲ್ಲಿರುವುದು ಕಪ್ಪು ಕರಡಿ ಮಾತ್ರ, ಗ್ರಿಜ್ಲಿ ಇಲ್ಲ. ಯೆಲ್ಲೋಸ್ಟೋನ್‌ನಲ್ಲಿ ಕರಡಿಯಿಂದ ಕನಿಷ್ಠ 91 ಮೀಟರ್ ದೂರ ಇರಬೇಕೆಂಬುದು ನಿಯಮ, ಸೆಲ್ಫಿಗೂ ವಿನಾಯಿತಿ ಇಲ್ಲ.

ಇದನ್ನೆಲ್ಲ ಬಂಡೀಪುರಕ್ಕೋ ದರೋಜಿಗೋ ಹೊಂದಿಸಿಕೊಳ್ಳಬೇಡಿ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳೊಳಗೆ ಆಯುಧ ಒಯ್ಯಲು ನಮ್ಮ 1972ರ ವನ್ಯಜೀವಿ ಕಾಯ್ದೆಯಡಿ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿ ಬೇಕು, ಮನೆಯಲ್ಲಿ ಲೈಸೆನ್ಸ್ ಇರುವ ಬಂದೂಕಾದರೂ ಸರಿ.