ನಿದ್ರೆ ಮಾತ್ರೆ: ಎಷ್ಟು ಮಿಲಿಗ್ರಾಂ, ಎಷ್ಟು ದಿನ?

ಪ್ರಯೋಗಾಲಯದಲ್ಲಿ ತಯಾರಾದ ನಿದ್ರೆ ಔಷಧದ ಕಥೆ ಶುರುವಾಗುವುದು 1869ರ ಬರ್ಲಿನ್‌ನಲ್ಲಿ. ಕ್ಲೋರಲ್ ಎಂಬ ರಾಸಾಯನಿಕವನ್ನು ಲೀಬಿಗ್ 1832ರಲ್ಲೇ ತಯಾರಿಸಿದ್ದರು. ಅದರ ಹೈಡ್ರೇಟ್ ರೂಪ ನಿದ್ರೆ ಬರಿಸುತ್ತದೆ ಎಂದು ತೋರಿಸಿದವರು ಆಟ್ಟೋ ಲೀಬ್ರೈಖ್. ಅಲ್ಲಿಯವರೆಗೆ ಯುರೋಪಿನ ವೈದ್ಯರ ಬಳಿ ಇದ್ದದ್ದು ಅಫೀಮು, ಮದ್ಯ ಮತ್ತು ಬ್ರೋಮೈಡ್ ಲವಣ. ಕ್ಲೋರಲ್ ಹೈಡ್ರೇಟ್ ಇವೆಲ್ಲಕ್ಕಿಂತ ಸೌಮ್ಯ ಎನಿಸಿತು, ಬೇಗ ಮನೆಮನೆಗೆ ತಲುಪಿತು. ಅದಿಲ್ಲದೆ ಕಣ್ಣು ಮುಚ್ಚಲಾರದವರೂ ಅಷ್ಟೇ ಬೇಗ ಹುಟ್ಟಿಕೊಂಡರು. ಮುಂದಿನ ಒಂದೂವರೆ ಶತಮಾನದಲ್ಲಿ ಹೆಚ್ಚುಕಡಿಮೆ ಇದೇ ನಡೆಯಿತು. ಹಿಂದಿನದಕ್ಕಿಂತ ಸುರಕ್ಷಿತ ಎಂಬ ಹೆಸರಿನಿಂದಲೇ ಪ್ರತಿ ಹೊಸ ಔಷಧ ಬಂತು; ಅದರ ತೊಂದರೆ ಪೂರ್ತಿ ಅರ್ಥವಾಗುವ ಹೊತ್ತಿಗೆ ಒಂದು ತಲೆಮಾರು ಅದನ್ನು ನುಂಗಿಯಾಗಿತ್ತು. ಆದ್ದರಿಂದ ಯಾವ ಮಾತ್ರೆ ಸುರಕ್ಷಿತ ಎಂದು ಕೇಳುವ ಮೊದಲು ಎಷ್ಟು ಪ್ರಮಾಣ, ಎಷ್ಟು ದಿನ, ಯಾರ ದೇಹಕ್ಕೆ ಎಂದು ಕೇಳಬೇಕು ಎನ್ನುವುದು ನನ್ನ ಗಟ್ಟಿ ನಂಬಿಕೆ.

1903ರಲ್ಲಿ ಎಮಿಲ್ ಫಿಷರ್ ಮತ್ತು ಯೋಸೆಫ್ ಫಾನ್ ಮೆರಿಂಗ್ ಬಾರ್ಬಿಟಾಲ್ ಅನ್ನು ಪರಿಚಯಿಸಿದರು. ಅದು ವೆರೋನಾಲ್ ಎಂಬ ಹೆಸರಿನಲ್ಲಿ ಮಾರಾಟವಾಯಿತು. 1912ರಲ್ಲಿ ಫೀನೋಬಾರ್ಬಿಟಾಲ್ ಬಂತು. ಅಪಸ್ಮಾರಕ್ಕೆ ಅದನ್ನು ಇಂದಿಗೂ ಕೊಡುತ್ತಾರೆ. ಅರ್ಧ ಶತಮಾನ ಕಾಲ ನಿದ್ರೆ ಮಾತ್ರೆ ಎಂದರೆ ಬಾರ್ಬಿಚುರೇಟ್ ಎಂಬ ಈ ಗುಂಪು ಎಂದೇ ಅರ್ಥವಾಗಿತ್ತು. ನಿದ್ರೆ ತರುವ ಪ್ರಮಾಣಕ್ಕೂ ಉಸಿರು ನಿಲ್ಲಿಸುವ ಪ್ರಮಾಣಕ್ಕೂ ಅಂತರ ತೀರಾ ಕಡಿಮೆ ಇದ್ದದ್ದು ಇವುಗಳ ದೊಡ್ಡ ದೋಷ. ಮರೆತು ಇನ್ನೊಮ್ಮೆ ನುಂಗಿದವರು, ಮದ್ಯದ ಜೊತೆ ನುಂಗಿದವರು, ಬೇಕೆಂದೇ ನುಂಗಿದವರು ಸಾವಿರಾರು ಸಂಖ್ಯೆಯಲ್ಲಿ ಸತ್ತರು. 1962ರಲ್ಲಿ ಮರ್ಲಿನ್ ಮನ್ರೋ ಸತ್ತದ್ದೂ ಬಾರ್ಬಿಚುರೇಟ್ ವಿಷದಿಂದಲೇ.

ಥಾಲಿಡೊಮೈಡ್ ಕೂಡ ಇದೇ ಸಾಲಿನದು. ಬಸುರಿಯರ ವಾಕರಿಕೆಗೆ ಕೊಟ್ಟ ಔಷಧವೆಂದಷ್ಟೇ ಅದು ಹಲವರಿಗೆ ನೆನಪಿದೆ. ಆದರೆ 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಅದು ಮಾರುಕಟ್ಟೆಗೆ ಬಂದದ್ದು ಬಾರ್ಬಿಚುರೇಟಿನಂತೆ ಕೊಲ್ಲದ, ಚೀಟಿ ಇಲ್ಲದೆ ಕೊಳ್ಳಬಹುದಾದ ನಿದ್ರೆ ಮಾತ್ರೆಯಾಗಿ. 1961ರ ನವೆಂಬರ್‌ನಲ್ಲಿ ಅದನ್ನು ಹಿಂದಕ್ಕೆ ಪಡೆದರು; ಅದರಿಂದ ಜಗತ್ತಿನಾದ್ಯಂತ 10,000ಕ್ಕೂ ಹೆಚ್ಚು ಮಕ್ಕಳು ಕೈಕಾಲುಗಳ ಊನದೊಂದಿಗೆ ಹುಟ್ಟಿದರು. ಅಮೆರಿಕದಲ್ಲಿ ಫ್ರಾನ್ಸಿಸ್ ಕೆಲ್ಸಿ ಎಂಬ ಅಧಿಕಾರಿ ಪುರಾವೆ ಸಾಲದೆಂದು ಅನುಮತಿ ಕೊಡದೇ ತಡೆಹಿಡಿದರು. ಒಬ್ಬ ಅಧಿಕಾರಿ ಹಟ ಹಿಡಿದು ಪ್ರಶ್ನೆ ಕೇಳಿದರೆ ಎಷ್ಟು ಮಕ್ಕಳು ಉಳಿಯುತ್ತಾರೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಔಷಧಗಳ ಇತಿಹಾಸದಲ್ಲಿ ನನಗೆ ಕಂಡಿಲ್ಲ.

ಬಾರ್ಬಿಚುರೇಟಿನ ಜಾಗವನ್ನು ತುಂಬಿದ್ದು ಬೆಂಜೊಡಯಜೆಪೀನ್ ಗುಂಪು. ರೋಶ್ ಕಂಪನಿಯಲ್ಲಿ ಲಿಯೋ ಸ್ಟರ್ನ್‌ಬಾಖ್ ರೂಪಿಸಿದ ಲಿಬ್ರಿಯಂ 1960ರಲ್ಲಿ, ವ್ಯಾಲಿಯಂ 1963ರಲ್ಲಿ ಬಂದವು. ನಿದ್ರೆಗೆಂದೇ ನೈಟ್ರಜೆಪಾಮ್ 1965ರಲ್ಲಿ ಬಂತು. ಇವು ನಿಜಕ್ಕೂ ಹಿಂದಿನವಕ್ಕಿಂತ ಮೇಲು. ಮಿದುಳಿನ ಚಟುವಟಿಕೆಯನ್ನು ತಗ್ಗಿಸುವ ಗಾಬಾ ಎಂಬ ರಾಸಾಯನಿಕ ನಮ್ಮಲ್ಲೇ ಇದೆ. ಬೆಂಜೊಡಯಜೆಪೀನ್ ಗಾಬಾದ ಕೆಲಸಕ್ಕೆ ಒತ್ತು ಕೊಡುತ್ತದೆ, ಗಾಬಾ ಇಲ್ಲದ ಕಡೆ ತಾನಾಗಿ ಏನೂ ಮಾಡಲಾರದು. ಬಾರ್ಬಿಚುರೇಟಾದರೋ ಪ್ರಮಾಣ ಹೆಚ್ಚಾದರೆ ಗಾಬಾದ ಹಂಗಿಲ್ಲದೆ ನರಕೋಶವನ್ನು ಸ್ತಬ್ಧಗೊಳಿಸುತ್ತದೆ. ಹೀಗಾಗಿ ಬೆಂಜೊಡಯಜೆಪೀನ್ ಒಂದನ್ನೇ ಹೆಚ್ಚು ನುಂಗಿದವರು ಬದುಕುಳಿಯುವುದೇ ಹೆಚ್ಚು. ಮದ್ಯವೋ ಅಫೀಮಿನ ಜಾತಿಯ ನೋವಿನ ಮಾತ್ರೆಯೋ ಜೊತೆಗೂಡಿದರೆ ಆ ರಕ್ಷಣೆ ಹೋಗುತ್ತದೆ.

ಸಾವು ಕಡಿಮೆಯಾಯಿತು, ಅವಲಂಬನೆ ಉಳಿಯಿತು. ಮಾತ್ರೆ ನಿಲ್ಲಿಸಿದ ರಾತ್ರಿಗಳಲ್ಲಿ ಮೊದಲಿಗಿಂತ ಹೆಚ್ಚು ನಿದ್ರೆಗೆಡುವುದನ್ನು ಆಂಥನಿ ಕೇಲ್ಸ್ ಮತ್ತು ಸಂಗಡಿಗರು 1978ರಲ್ಲಿ ವರದಿ ಮಾಡಿದರು. ಈ ಒಂದು ಸಂಗತಿ ಗೊತ್ತಿಲ್ಲದೆ ಎಷ್ಟೋ ಜನ ವರ್ಷಗಟ್ಟಲೆ ಮಾತ್ರೆಗೆ ಅಂಟಿಕೊಂಡಿದ್ದಾರೆ. ಬಿಟ್ಟರೆ ನಿದ್ರೆ ಬರುವುದಿಲ್ಲ, ಆದ್ದರಿಂದ ನನ್ನ ಕಾಯಿಲೆ ಹೋಗಿಲ್ಲ ಎಂದು ಅವರು ಭಾವಿಸುತ್ತಾರೆ. ಅದು ಹಲವು ಸಲ ಮಾತ್ರೆ ಬಿಟ್ಟದ್ದರ ಪರಿಣಾಮ, ಕೆಲವು ರಾತ್ರಿಗಳಲ್ಲಿ ತಗ್ಗುವಂಥದ್ದು. ಬ್ರಿಟನ್ನಿನ ನ್ಯೂಕಾಸಲ್‌ನಲ್ಲಿ ಹೆದರ್ ಆಷ್ಟನ್ 1982ರಿಂದ ಹನ್ನೆರಡು ವರ್ಷ ಇಂಥವರಿಗಾಗಿಯೇ ಕ್ಲಿನಿಕ್ ನಡೆಸಿದರು. 1988ರಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ ಈ ಮಾತ್ರೆಗಳನ್ನು ಎರಡರಿಂದ ನಾಲ್ಕು ವಾರಗಳಷ್ಟೇ ಕೊಡಬೇಕೆಂದು ಸೂಚಿಸಿತು. ಇಂದಿಗೂ ಲೋಕದ ವೈದ್ಯರು ಹಿಡಿದಿರುವ ಮಿತಿ ಹೆಚ್ಚುಕಡಿಮೆ ಅದೇ.

ಅದೇ ವರ್ಷಗಳಲ್ಲಿ ಬೇರೆ ಗುಂಪಿನ ನಿದ್ರೆ ಮಾತ್ರೆಗಳಾದ ಜೋಪಿಕ್ಲೋನ್, ಜೋಲ್ಪಿಡೆಮ್ ಬಂದವು. ಜೋಲ್ಪಿಡೆಮ್‌ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1992ರ ಡಿಸೆಂಬರ್‌ನಲ್ಲಿ ಅನುಮತಿ ಕೊಟ್ಟಿತು. ರಕ್ತದಲ್ಲಿರುವ ಔಷಧ ಸುಮಾರು ಎರಡೂವರೆ ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ, ಆದ್ದರಿಂದ ಬೆಳಗಿಗೆ ಮಂಪರು ಉಳಿಯದು ಎಂಬುದೇ ಅದರ ಆಕರ್ಷಣೆ. ಹೆಂಗಸರಿಗೂ ಗಂಡಸರಿಗೂ ಒಂದೇ ಪ್ರಮಾಣ: 10 ಮಿಲಿಗ್ರಾಂ. ಇಪ್ಪತ್ತು ವರ್ಷ ಕಳೆದ ಮೇಲೆ, 2013ರ ಜನವರಿಯಲ್ಲಿ, ಎಫ್‌ಡಿಎ ಹೆಂಗಸರ ಪ್ರಮಾಣವನ್ನು 5 ಮಿಲಿಗ್ರಾಂಗೆ ಇಳಿಸಿತು. 10 ಮಿಲಿಗ್ರಾಂ ನುಂಗಿ ಎಂಟು ಗಂಟೆಯಾದ ಮೇಲೂ ಸುಮಾರು ಶೇ. 15ರಷ್ಟು ಹೆಂಗಸರ ರಕ್ತದಲ್ಲಿ ವಾಹನ ಓಡಿಸಲು ಅಡ್ಡಿಯಾಗುವಷ್ಟು ಔಷಧ ಉಳಿದಿತ್ತು. ಗಂಡಸರಲ್ಲಿ ಅದು ಶೇ. 3. ಹೆಂಗಸರ ದೇಹ ಈ ಔಷಧವನ್ನು ನಿಧಾನವಾಗಿ ಹೊರಹಾಕುತ್ತದೆ. ಎಚ್ಚರವಾಗಿದ್ದೇನೆ ಎಂದು ತನಗೆ ಅನಿಸುತ್ತಿದ್ದರೂ ಪ್ರತಿಕ್ರಿಯೆ ಮಂದವಾಗಿರುವುದು ಇದರ ಅಪಾಯ. ಬೆಳಗ್ಗೆ ಸ್ಕೂಟರ್‌ನಲ್ಲಿ ಮಗುವನ್ನು ಶಾಲೆಗೆ ಬಿಡಬೇಕಾದ ತಾಯಿಗೆ ಇದು ಸಣ್ಣ ವಿಷಯವಲ್ಲ.

ಇನ್ನೊಂದು ಎಚ್ಚರಿಕೆ 2019ರಲ್ಲಿ ಬಂತು. ಈ ಗುಂಪಿನ ಮಾತ್ರೆ ನುಂಗಿ ಪೂರ್ತಿ ಎಚ್ಚರವಿಲ್ಲದೆ ನಡೆದವರು, ಅಡುಗೆ ಮಾಡಿದವರು, ಕಾರು ಓಡಿಸಿದವರ 66 ಗಂಭೀರ ಪ್ರಕರಣಗಳನ್ನು ಎಫ್‌ಡಿಎ ಪರಿಶೀಲಿಸಿತು. ಅವುಗಳಲ್ಲಿ 20 ಮಂದಿ ಸತ್ತಿದ್ದರು. ಇಂಥ ಘಟನೆ ಅಪರೂಪ, ಆದರೆ ಅತಿ ಕಡಿಮೆ ಪ್ರಮಾಣದಲ್ಲೂ, ಮೊದಲ ಮಾತ್ರೆಯಲ್ಲೂ ಆಗಿದೆ. ಒಮ್ಮೆ ಹೀಗಾದವರು ಆ ಮಾತ್ರೆಯನ್ನು ಮತ್ತೆ ಮುಟ್ಟಬಾರದು.

ಸಾವು, ಮಗುವಿನ ಹುಟ್ಟು, ಕೆಲಸ ಹೋದದ್ದು, ಆಸ್ಪತ್ರೆ ವಾಸ, ಹೀಗೆ ಕೆಲವು ದಿನ ನಿದ್ರೆಯನ್ನೇ ಕಸಿದುಕೊಳ್ಳುವ ಸಂದರ್ಭಗಳಿವೆ. ಆಗ ಮಾತ್ರೆಗೆ ಖಂಡಿತ ಸ್ಥಾನವಿದೆ. ಅದನ್ನು ಪಾಪವೆಂಬಂತೆ ನೋಡುವವರ ಜೊತೆ ನನ್ನ ಸಹಮತವಿಲ್ಲ. ಒಳ್ಳೆಯ ಚೀಟಿ ಹೇಗಿರುತ್ತದೆ ನೋಡಿ: ಔಷಧದ ಹೆಸರು, 5 ಮಿಲಿಗ್ರಾಂ, 0–0–1, ಪಕ್ಕದಲ್ಲಿ 7 ದಿನ. ಆ ಕೊನೆಯ ಅಂಕಿಯೇ ಅತಿ ಮುಖ್ಯ. ಜೋಲ್ಪಿಡೆಮ್ ನುಂಗಬೇಕಾದದ್ದು ಹಾಸಿಗೆಗೆ ಹೋಗುವ ಹೊತ್ತಿಗೆ. ನುಂಗಿದ ಮೇಲೆ ಟಿವಿ ನೋಡುತ್ತ, ಮೊಬೈಲ್ ಹಿಡಿದು ಕೂರುವುದಲ್ಲ. ಏಳೆಂಟು ಗಂಟೆ ಮಲಗಲು ಸಮಯವಿದ್ದರೆ ಮಾತ್ರ ನುಂಗಬೇಕು. ಭರ್ತಿ ಊಟದ ಮೇಲೆ ನುಂಗಿದರೆ ಪರಿಣಾಮ ತಡವಾಗುತ್ತದೆ. ಕೆಲಸ ಮಾಡಲಿಲ್ಲವೆಂದು ಇನ್ನೊಂದು ನುಂಗುವ ತಪ್ಪು ಆಗುವುದು ಇಲ್ಲೇ. ಮದ್ಯ ಬೇಡ. ಟ್ರಮಡಾಲ್, ಕೊಡೀನ್ ಇರುವ ಕೆಮ್ಮಿನ ಸಿರಪ್, ಮಂಪರು ತರಿಸುವ ಅಲರ್ಜಿ ಮಾತ್ರೆ ನಡೆಯುತ್ತಿದ್ದರೆ ವೈದ್ಯರಿಗೆ ಹೇಳಲೇಬೇಕು. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ಕಟ್ಟುವವರು, ಬಸುರಿಯರು, ಹಾಲೂಡಿಸುವವರು, ಪಿತ್ತಜನಕಾಂಗದ ಕಾಯಿಲೆ ಇರುವವರು ಮೊದಲೇ ತಿಳಿಸಬೇಕು. ಅರವತ್ತೈದು ದಾಟಿದವರಿಗೆ ಬೆಂಜೊಡಯಜೆಪೀನ್ ಮತ್ತು ಜೋಲ್ಪಿಡೆಮ್ ಈ ಎರಡೂ ಗುಂಪಿನ ಮಾತ್ರೆಗಳನ್ನು ಆದಷ್ಟು ತಪ್ಪಿಸಿ ಎನ್ನುವುದು ವಯಸ್ಸಾದವರಿಗೆ ಒಗ್ಗದ ಔಷಧಗಳ ಬಿಯರ್ಸ್ ಪಟ್ಟಿಯ ಸಲಹೆ. ರಾತ್ರಿ ಬಚ್ಚಲಿಗೆ ಎದ್ದು ಹೋಗುವಾಗ ಬಿದ್ದು ಸೊಂಟ ಮುರಿದುಕೊಳ್ಳುವ ಅಪಾಯ ಅವರಿಗೆ ಹೆಚ್ಚು.

ನಮ್ಮಲ್ಲಿ ಕಾನೂನಿನ ಕೊರತೆಯಿಲ್ಲ. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಎಚ್‌1 ಅನುಸೂಚಿಯಲ್ಲಿ ಆಲ್ಪ್ರಜೊಲಾಮ್, ಡಯಜೆಪಾಮ್, ನೈಟ್ರಜೆಪಾಮ್, ಜೋಲ್ಪಿಡೆಮ್ ಎಲ್ಲ ಇವೆ. ವೈದ್ಯರ ಹೆಸರು, ರೋಗಿಯ ಹೆಸರು, ಕೊಟ್ಟ ಮಾತ್ರೆಗಳ ಸಂಖ್ಯೆಯನ್ನು ಮೆಡಿಕಲ್ ಶಾಪಿನವರು ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಆದರೂ ವರ್ಷದ ಹಿಂದಿನ ಮಾಸಲು ಚೀಟಿ ತೋರಿಸಿ ಸ್ಟ್ರಿಪ್ ಕೊಳ್ಳುವುದು, ಅಕ್ಕನಿಗೆ ಒಗ್ಗಿದ ಮಾತ್ರೆಯನ್ನು ತಂಗಿ ಕೇಳಿ ಪಡೆಯುವುದು ನಡೆದೇ ಇದೆ. ಎಚ್‌1 ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸುವ ಅಂಗಡಿಯವರ ಮೇಲೆ ಗ್ರಾಹಕರು ರೇಗಬಾರದು.

ಒರೆಕ್ಸಿನ್ ಎಂಬ ಎಚ್ಚರದ ರಾಸಾಯನಿಕ 1998ರಲ್ಲಿ ಪತ್ತೆಯಾಯಿತು. ಅದನ್ನು ತಡೆಯುವ ಸುವೊರೆಕ್ಸಾಂಟ್ 2014ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಹಾದಿ ಹೊಸದು, ಆದರೆ ಇದರ ತೀರ್ಪಿಗೂ ಕಾಲ ಬೇಕು. ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ಅತಿ ದೊಡ್ಡ ಸಾಧನೆ ಔಷಧದ್ದಲ್ಲ. ನಿದ್ರೆ ಬಂದಾಗಷ್ಟೇ ಹಾಸಿಗೆಗೆ ಹೋಗಿ, ಬಾರದಿದ್ದರೆ ಎದ್ದು ಬನ್ನಿ, ಎಷ್ಟು ಹೊತ್ತಿಗೆ ಮಲಗಿದರೂ ಒಂದೇ ಹೊತ್ತಿಗೆ ಏಳಿ ಎಂದು 1972ರಲ್ಲಿ ರಿಚರ್ಡ್ ಬೂಟ್ಜಿನ್ ಹೇಳಿದರು. ಹಾಸಿಗೆಯಲ್ಲಿ ಕಳೆಯುವ ಅವಧಿಯನ್ನೇ ಮೊದಲು ಕಡಿಮೆ ಮಾಡಿ ಎಂದು 1987ರಲ್ಲಿ ಆರ್ಥರ್ ಸ್ಪೀಲ್‌ಮನ್ ತೋರಿಸಿದರು. ಇವೆರಡೂ ಸೇರಿದ ವರ್ತನಾ ಚಿಕಿತ್ಸೆಯನ್ನೇ ದೀರ್ಘಕಾಲದ ನಿದ್ರಾಹೀನತೆಗೆ ಮೊದಲ ಚಿಕಿತ್ಸೆಯೆಂದು ಅಮೆರಿಕದ ವೈದ್ಯರ ಕಾಲೇಜು 2016ರಲ್ಲಿ ಸಾರಿತು. ಮೊದಲ ವಾರ ಕಷ್ಟ. ಆದರೆ ಇದರ ಫಲ ಚಿಕಿತ್ಸೆ ಮುಗಿದ ಮೇಲೂ ಉಳಿಯುತ್ತದೆ.

ಈಗಾಗಲೇ ತಿಂಗಳುಗಟ್ಟಲೆ ನುಂಗುತ್ತಿರುವವರಲ್ಲಿ ಒಂದು ವಿನಂತಿ: ಇದನ್ನು ಓದಿ ಇಂದು ರಾತ್ರಿಯೇ ಮಾತ್ರೆ ನಿಲ್ಲಿಸಬೇಡಿ. ಬೆಂಜೊಡಯಜೆಪೀನ್ ಥಟ್ಟನೆ ಬಿಟ್ಟರೆ ಫಿಟ್ಸ್ ಕೂಡ ಬರಬಹುದು. ವಾರಗಳ, ಬೇಕಾದರೆ ತಿಂಗಳುಗಳ ಅವಧಿಯಲ್ಲಿ ವೈದ್ಯರ ನಿಗಾದಲ್ಲಿ ಸ್ವಲ್ಪಸ್ವಲ್ಪವಾಗಿ ಇಳಿಸಬೇಕು. ಚೀಟಿ ಬರೆದ ವೈದ್ಯರನ್ನೇ ಕೇಳಿ. ನಿದ್ರೆಗೇಡಿನ ಹಿಂದೆ ಮನಸ್ಸಿನ ಭಾರವಿದ್ದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.